ಬೀಗಿತ್ತಿಯ ಬಲಭುಜ

ಬೀಗಿತ್ತಿಯ ಬಲಭುಜದಲ್ಲಿ, ಕಾಲರ್‌ಬೋನ್‌ಗೆ ತುಸು ಕೆಳಗೆ, ನಿಂಬೆಹಣ್ಣಿನಗಲದ ಒಂದು ಕಲೆ ಇತ್ತು. ನಡುವೆ ನೇರಳೆ, ಸುತ್ತ ಹಸಿರು, ಅಂಚಿಗೆ ಅರಿಶಿನ. ಏಪ್ರಿಲ್‌ನಲ್ಲಿ ಮೂಡಿದ್ದು ಮಿಶಿಗನ್‌ನಲ್ಲಿ ಹಿಮ ಬೀಳುವತನಕ ಮಾಯುತ್ತಿರಲಿಲ್ಲ. ಮಾಯುವಷ್ಟರಲ್ಲಿ ಇನ್ನೊಂದು ಭಾನುವಾರ ಬಂದು ಅದೇ ಜಾಗಕ್ಕೆ ಗುದ್ದುತ್ತಿತ್ತು. ನಮ್ಮ ಮಕ್ಕಳ ಮದುವೆಯಲ್ಲಿ ಇಳಕಲ್ ಸೀರೆಯ ಸೆರಗು ಜಾರಿದಾಗ ಮೊದಲ ಸಲ ಅದನ್ನು ಕಂಡು ನಾನು ಗಾಬರಿಯಾದೆ. ಅವರು ಸೆರಗನ್ನು ಇನ್ನಷ್ಟು ಸರಿಸಿ, ಹೊಸ ನೆಕ್ಲೇಸ್ ತೋರಿಸುವವರ ಹಾಗೆ ತೋರಿಸಿದರು.

"ಗನ್ ಒದ್ದದ್ರೀ ಬೀಗರ. ಇಲ್ಲೇ ಒದೀತೈತಿ, ಬ್ಯಾರೆ ಕಡೆ ಒದಿಯೂದಿಲ್ಲ."

ಬಾಗಲಕೋಟೆ ಕಡೆಯ ಹೆಂಗಸು. ಡೆಟ್ರಾಯಿಟ್‌ನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಆಯುಷ್ಯವೆಲ್ಲ ಡಾಕ್ಟರಾಗಿದ್ದು ರಿಟೈರ್ ಆಗಿದ್ದರು. ಗಂಡ ಮೊದಲೇ ತೀರಿಕೊಂಡಿದ್ದರು. ಚಾಕು ಹೊಕ್ಕ ಹೊಟ್ಟೆ, ಬೇಸ್‌ಬಾಲ್ ಬ್ಯಾಟಿಗೆ ಸಿಕ್ಕ ದವಡೆ, ಗುಂಡು ತೂರಿಹೋದ ತೊಡೆ, ಊಟದ ಟೇಬಲ್‌ನಲ್ಲಿ ಇದೇ ಮಾತು. ನಾನೋ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಸೂಪ್ ಕುಡಿದರೆ ಸದ್ದಾಗಬಾರದು, ಮನೆಯ ಮಾತು ಹೊರಗೆ ಹೋಗಬಾರದು, ಎ ಲೇಡಿ ನೆವರ್ ರೇಸಸ್ ಹರ್ ವಾಯ್ಸ್. ಮೊದಲ ವರ್ಷ ಈ ಸಂಬಂಧ ಹೇಗೆ ನಿಭಾಯಿಸುವುದಪ್ಪಾ ಎಂದು ಯೋಚಿಸುತ್ತಿದ್ದೆ.

ಶಿಕಾಗೋ ಪಕ್ಕದ ನಮ್ಮ ಗ್ಲೆಂಡೇಲ್ ಹೈಟ್ಸ್‌ನಿಂದ ಮಗಳ ಮನೆಗೆ ಹೋದಾಗಲೆಲ್ಲ ಭಾನುವಾರ ಬೆಳಿಗ್ಗೆ ಬೀಗಿತ್ತಿಯ ಕಾರು ಡ್ರೈವ್‌ವೇನಲ್ಲಿ ಹಾರ್ನ್ ಹೊಡೆಯುತ್ತಿತ್ತು. ವಿಕ್ಸಮ್ ದಾಟಿ ಕೆಲವು ಮೈಲಿ ಹೋದರೆ ಅವರು ಶೂಟಿಂಗಿಗೆ ಹೋಗುವ ಜಾಗ. ಗಾಲ್ಫ್ ಕೋರ್ಸಿನ ಹಾಗೆಯೇ ಕಾಡಿನೊಳಗೆ ಕಾಲುದಾರಿ, ದಾರಿಯುದ್ದಕ್ಕೂ ಮರದ ಕಟಕಟೆಯಂಥ ಸ್ಟೇಷನ್‌ಗಳು. ಪೊದೆಯ ಮರೆಯಲ್ಲಿರುವ ಮೆಷಿನ್ ನಿಪ್ಪಟ್ಟಿನಗಲದ ಕಿತ್ತಳೆ ಬಣ್ಣದ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತದೆ. ಬಿಲ್ಲೆ ನೆಲಕ್ಕೆ ಬೀಳುವ ಮೊದಲು ಹೊಡೆಯಬೇಕು. ಆ ಮೆಷಿನ್ನಿನ ರಿಮೋಟ್ ನನ್ನ ಕೈಗೆ ಬಂತು. ಬಟನ್ ಒತ್ತುವುದು ನನ್ನ ಕೆಲಸ. ಉಳಿದವರೆಲ್ಲ "ಪುಲ್" ಎಂದು ಕೂಗುವ ಕಡೆ ನಮ್ಮ ಬೀಗಿತ್ತಿ ಹೊಲ ಕಾಯುವವರ ಗಂಟಲಿನಲ್ಲಿ "ಹಾರಸ್!" ಎನ್ನುತ್ತಿದ್ದರು. ನಾನು ಒತ್ತುತ್ತಿದ್ದೆ. ಢಂ. ಬಿಲ್ಲೆ ಪುಡಿಪುಡಿಯಾಗಿ ಮರಗಳ ಮೇಲೆ ಉದುರುತ್ತಿತ್ತು. ಇನ್ನೊಂದು ಢಂ.

"ಜೀವಮಾನೆಲ್ಲ ಮಂದಿ ಒಡದದ್ದನ್ನ ಹೊಲದೀನ್ರೀ" ಎನ್ನುತ್ತಿದ್ದರು. "ಈಗ ನಾ ಒಡೀತೀನಿ."

ಕಾಡಿನಲ್ಲಿ ಅವರಷ್ಟು ಶಿಸ್ತಿನ ಮನುಷ್ಯರಿಲ್ಲ. ಸ್ಟೇಷನ್ ಬಿಟ್ಟು ಹೊರಗೆ ಬಂದರೆ ಗನ್ ನಡುವಿಗೆ ಮುರಿದಂತೆ ತೆರೆದಿರಬೇಕು, ಒಳಗೆ ಖಾಲಿ ಎಂದು ಎಲ್ಲರಿಗೂ ಕಾಣಬೇಕು. ಒಮ್ಮೆ ಅವರ ಗೆಳೆಯರೊಬ್ಬರು, ದೊಡ್ಡ ಹಾರ್ಟ್ ಸರ್ಜನ್, ಮುಚ್ಚಿದ ಗನ್ ಹಿಡಿದು ನಮ್ಮ ಕಡೆ ತಿರುಗಿ ಜೋಕ್ ಹೇಳತೊಡಗಿದರು. ಬೀಗಿತ್ತಿ ಜೋಕ್ ಮುಗಿಯಲೂ ಬಿಡಲಿಲ್ಲ. ಗನ್ ಕಸಿದು ತೆರೆದು ಕೇಸಿನೊಳಗಿಟ್ಟು, "ಇವತ್ತಿಂದು ಮುಗೀತು, ಮನಿಗೆ ನಡೀರಿ" ಎಂದರು. ಸರ್ಜನ್ ಹುಡುಗನ ಹಾಗೆ ಕಾರಿನಲ್ಲಿ ಹೋಗಿ ಕೂತರು.

ಆ ಜುಲೈ ಭಾನುವಾರ ನಾವು ನಾಲ್ವರು: ಬೀಗಿತ್ತಿ, ಅವರ ಮಗ ಅಂದರೆ ನನ್ನ ಅಳಿಯ, ನನ್ನ ಮಗಳು, ರಿಮೋಟ್ ಹಿಡಿದ ನಾನು. ಅಳಿಯ ವಾರೆನ್‌ನಲ್ಲಿ ಕಾರು ಡಿಸೈನ್ ಮಾಡುತ್ತಿದ್ದ. ನೋಡಲು ಲಕ್ಷಣವಾಗಿದ್ದ, ನನ್ನ ಬ್ಯಾಗ್ ತಾನೇ ಹೊರುತ್ತಿದ್ದ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿಗೆ ಮಗಳು ಮಣಿಕಟ್ಟಿನವರೆಗೂ ತೋಳಿರುವ ಶರ್ಟ್ ಹಾಕಿದ್ದಳು. ಅವಳ ಸರದಿ ಬಂದಾಗ ಬೀಗಿತ್ತಿ ಹಿಂದೆ ನಿಂತು, "ಎಡಗೈ ಎತ್ತು" ಎಂದು ಅವಳ ರಟ್ಟೆಗೆ ಕೈ ಕೊಟ್ಟರು. ಮಗಳು ಹಾ ಎಂದು ಕುಗ್ಗಿದಳು.

ಬೀಗಿತ್ತಿ ಮೆಲ್ಲಗೆ ಅವಳ ಶರ್ಟಿನ ತೋಳನ್ನು ಮೇಲಕ್ಕೆ ಮಡಿಸಿದರು. ರಟ್ಟೆಯ ಒಳಮೈಯಲ್ಲಿ ನಾಲ್ಕು ಕಪ್ಪು ಗೆರೆಗಳು, ಹೊರಗೆ ಒಂದು.

"ಗನ್ ಕಿಕ್, ಅತ್ತೆ. ಲಾಸ್ಟ್ ವೀಕ್ ಪ್ರ್ಯಾಕ್ಟೀಸ್ ಮಾಡಿದ್ದೆ, ಅಷ್ಟೇ."

"ಬಲಗೈಲೆ ಹೊಡ್ಯಾಕಿಗೆ ಎಡರಟ್ಟಿಗೆ ಕಿಕ್ಕಾ?" ಬೀಗಿತ್ತಿಯ ದನಿ ಏರಲಿಲ್ಲ. "ಗನ್ನಿಗೆ ಬೆರಳ ಇರೂದಿಲ್ಲ, ತಂಗಿ."

ಆ ಮೇಲೆ ಅವರು ಮಾಡಿದ ಮೊದಲ ಕೆಲಸ ಮಗಳ ಕೈಯಿಂದ ಗನ್ ತೆಗೆದುಕೊಂಡು ತೋಟಾ ಹೊರಗೆ ಹಾಕಿದ್ದು. ಎರಡನೆಯದು, ಮಗನ ಮೊಣಕೈಯಲ್ಲಿ ತೆರೆದು ನೇತಾಡುತ್ತಿದ್ದ ಖಾಲಿ ಗನ್ನನ್ನೂ ತೆಗೆದುಕೊಂಡದ್ದು. ಎರಡನ್ನೂ ಸ್ಟ್ಯಾಂಡಿನಲ್ಲಿಟ್ಟು ತಾವು ಅದಕ್ಕೆ ಅಡ್ಡ ನಿಂತರು.

"ಯಾವಾಗಿಂದ ನಡದೈತಲೇ ಇದು?" ಎಂದು ಮಗನನ್ನು ಕೇಳಿದರು.

"ಮಾಮ್, ನಾಟ್ ಹಿಯರ್." ಅಳಿಯ ನಗುತ್ತಲೇ ಇದ್ದ. ಹೆಂಡತಿಯ ಕಡೆ ತಿರುಗಿದ. "ವಾಟ್ ಡಿಡ್ ಯು ಟೆಲ್ ಹರ್? ಕಾರಿಗೆ ನಡಿ."

ಮಗಳು ಅಲ್ಲಾಡಲಿಲ್ಲ. ಅವನು ಅವಳ ಜುಟ್ಟಿಗೆ ಕೈ ಹಾಕಿ ಎಳೆದ. ಕಿವಿಗೆ ಹಾಕಿದ್ದ ಇಯರ್‌ಮಫ್ ಕಿತ್ತು ಬಂತು, ಅವಳ ತಲೆ ಕಟಕಟೆಯ ಮರಕ್ಕೆ ಬಡಿಯಿತು. ಆ ಸದ್ದು ಈಗಲೂ ಕೇಳುತ್ತದೆ ನನಗೆ. ಅಲ್ಲಿ ಕೇಳಿದ ಯಾವ ಗುಂಡಿನ ಸದ್ದೂ ಹಾಗಿರಲಿಲ್ಲ. ಹೆದರಿಕೆಯಲ್ಲಿ ನನ್ನ ಹೆಬ್ಬೆರಳು ಬಟನ್ ಒತ್ತಿಬಿಟ್ಟಿತು. ಎರಡು ಬಿಲ್ಲೆ ಹಾರಿದವು, ಯಾರೂ ಹೊಡೆಯಲಿಲ್ಲ.

ಬೀಗಿತ್ತಿ ಮಗನ ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿಹೋಯಿತು. ಇನ್ನೊಂದು ಬಾರಿಸಿದರು, ತುಟಿ ಒಡೆದು ಅವನ ಹಲ್ಲೆಲ್ಲ ಕೆಂಪಾಯಿತು. ಅವನು ತಾಯಿಯ ಮೇಲೂ ಮುಷ್ಟಿ ಎತ್ತಿದ. ಐದಡಿ ಎತ್ತರದ ಹೆಂಗಸು ಒಂದು ಹೆಜ್ಜೆ ಮುಂದೆ ಬಂದು ಮುಖ ಕೊಟ್ಟರು.

"ಹೊಡಿ. ಬೀಗರು ನೋಡಾಕತ್ತಾರ, ಹೊಡಿ. ಕತ್ತಲ್ಯಾಗ ಹೊಡಿಯೂದಷ್ಟಽ ಬರತೈತೇನ್ ನಿನಗ?"

ಪಕ್ಕದ ಸ್ಟೇಷನ್‌ನವರು ಓಡಿಬಂದರು. ಅವನ ಮುಷ್ಟಿ ಇಳಿಯಿತು.

ನಾನು ಮಗಳ ಹಣೆಗೆ ಕರ್ಚೀಫ್ ಒತ್ತಿ ಹಿಡಿದು, "ಮನೆಗೆ ಹೋಗಿ ಮಾತಾಡೋಣ, ಪ್ಲೀಸ್" ಎಂದೆ. ಬೀಗಿತ್ತಿ ಆಗಲೇ ಫೋನ್ ತೆಗೆದು ನೈನ್ ಒನ್ ಒನ್‌ಗೆ ಹಚ್ಚಿದ್ದರು. ಮಾತಾಡಿದ್ದು ಎಮರ್ಜೆನ್ಸಿಯ ಇಂಗ್ಲಿಷಿನಲ್ಲಿ, ಒಂದು ಪದ ಹೆಚ್ಚಿಲ್ಲದೆ: ಮೈ ಸನ್ ಹ್ಯಾಸ್ ಅಸಾಲ್ಟೆಡ್ ಹಿಸ್ ವೈಫ್. ಐ ಆಮ್ ದ ಮದರ್. ಐ ಸಾ ಇಟ್. ಫೋನ್ ಇಟ್ಟ ಮೇಲೆ ನೀರಿನ ಬಾಟಲಿಯ ಮುಚ್ಚಳ ಅವರಿಂದ ತಿರುಗಿಸಲಾಗಲಿಲ್ಲ, ನಾನು ತೆಗೆದುಕೊಟ್ಟೆ.

ಕೋರ್ಟಿನಲ್ಲಿ ಮಗನ ಎದುರೇ ಸಾಕ್ಷಿ ಹೇಳಿದರು. ನಮ್ಮವರು ಸುಮ್ಮನಿರುತ್ತಾರೆಯೇ? ಸಂಕ್ರಾಂತಿಯ ಪಾಟ್‌ಲಕ್‌ನಲ್ಲಿ ಒಬ್ಬ ಆಂಟಿ ಬಿಸಿಬೇಳೆಭಾತ್ ಬಡಿಸುತ್ತಾ, "ಏನೇ ಆದ್ರೂ ಹೆತ್ತ ಮಗ ಅಲ್ವಾ ಡಾಕ್ಟ್ರೇ, ಪೊಲೀಸಿಗೆ ಹಿಡಿಸೋದಾ?" ಎಂದರು.

"ಮಂದಿ ಮಗ ಇದ್ದಿದ್ರ ಮಂದಿ ಫೋನ್ ಹಚ್ತಿದ್ರು. ನನ್ನ ಮಗ, ನಾ ಹಚ್ಚೀನಿ" ಎಂದು ಬೀಗಿತ್ತಿ ತಟ್ಟೆ ಮುಂದೆ ಚಾಚಿದರು. "ಸ್ವಲ್ಪ ಬೂಂದಿ ಹಾಕ್ರಿ."

ಡಿವೋರ್ಸ್ ಆಯಿತು. ಅವನು ಕ್ಯಾಲಿಫೋರ್ನಿಯಾಗೆ ಹೋದ, ತಾಯಿಯ ಫೋನ್ ಎತ್ತಲಿಲ್ಲ. ನನ್ನ ಮಗಳು ಅತ್ತೆಯ ಮನೆಗೇ ಬಂದು ಉಳಿದಳು, ಬೇಸ್‌ಮೆಂಟಿನಲ್ಲಿ ಆಫೀಸು ಮಾಡಿಕೊಂಡಳು, ಕ್ರಮೇಣ ನಿದ್ದೆ ಮಾಡುವುದನ್ನೂ ಕಲಿತಳು. ಪ್ರತಿ ದೀಪಾವಳಿಗೆ ಬೀಗಿತ್ತಿ ಮಗನಿಗೆ ಇಷ್ಟವೆಂದು ಶೇಂಗಾ ಹೋಳಿಗೆ ಮಾಡಿ ಫ್ರೀಜರಿಗೆ ಹಾಕುತ್ತಿದ್ದರು. ನಮಗೆ ಬಡಿಸುವ ಹೋಳಿಗೆ ಬೇರೆ.

ಒಮ್ಮೆ ನಾನೇ, "ನಾವೀಗ ಲೀಗಲಿ ಬೀಗರೇ ಅಲ್ಲ, ಗೊತ್ತಾ?" ಎಂದು ತಮಾಷೆ ಮಾಡಿದೆ.

"ಮತ್ತ ನನ್ನ ಬಟನ್ ಯಾರ ಒತ್ತಬೇಕ್ರೀ?" ಎಂದರು, ಸಿಟ್ಟಿನಿಂದಲೇ.

ಕೊನೆಯ ವರ್ಷ ಕ್ಯಾನ್ಸರ್ ಅವರನ್ನು ಹಿಂಡಿತು. ಗನ್ ಎತ್ತಲಾಗದೆ ಹೋದ ಮೇಲೆ ಭುಜದ ಆ ಕಲೆ ಮೊದಲ ಸಲ ಬೇಸಿಗೆಯಲ್ಲೇ ಪೂರ್ತಿ ಮಾಯಿತು. ಮೈ ಒರೆಸುವಾಗ ಆ ಖಾಲಿ ಚರ್ಮ ಕಂಡು ನನಗೆ ಅಳು ಬಂತು. ಹಾಸಿಗೆಯಿಂದಲೇ ಹೇಳಿದರು: "ಅಲ್ಲಿ ಕ್ರೆಮಟೋರಿಯಂನ್ಯಾಗೂ ಬಟನ್ ಇರತೈತಂತ. ನೀವಽ ಒತ್ರಿ. ರೂಢಿ ಐತಿ ನಿಮಗ." ನಕ್ಕರು, ನಗು ಕೆಮ್ಮಾಗಿ ತಲೆದಿಂಬಿನ ಮೇಲೆ ರಕ್ತ ಬಿತ್ತು.

ಅವರನ್ನು ಕ್ರೆಮಟೋರಿಯಂಗೆ ಒಯ್ದ ದಿನ ಅವರ ಮಗನೂ ಬಂದಿದ್ದ. ಗಡ್ಡ ಬಿಟ್ಟಿದ್ದ, ಹಿಂದಿನ ಸಾಲಿನಲ್ಲಿ ಕೂತಿದ್ದ. ಪುರೋಹಿತರು "ಮಗ ಬರಬೇಕು" ಎಂದಾಗ ಎದ್ದು ಬಂದ. ಅವರ ಕೊನೆಯ ಇಚ್ಛೆಯನ್ನು ಮಗಳು ಹೇಳಿದಳು. ಅವನು ಫರ್ನೇಸಿನ ಪಕ್ಕದ ಹಸಿರು ಬಟನ್ನನ್ನೇ ನೋಡುತ್ತಾ ನಿಂತಿದ್ದು, ಆಮೇಲೆ "ಯು ಡೂ ಇಟ್, ಆಂಟಿ" ಎಂದು ಪಕ್ಕಕ್ಕೆ ಸರಿದ.

ಬೆರಳಿಟ್ಟೆ. ಒತ್ತಲಾಗಲಿಲ್ಲ. ಅವರ ಕೂಗಿಲ್ಲದೆ ನಾನು ಬಟನ್ ಒತ್ತಿದ್ದು ಒಂದೇ ಸಲ, ಅದೂ ಭಯದಲ್ಲಿ. ಎಲ್ಲರೂ ಕಾದರು. ನಾನೂ ಕಾದೆ.

ಬೆನ್ನ ಹಿಂದಿನಿಂದ ನನ್ನ ಮಗಳು, ಆ ಹಾಲ್ ಎಲ್ಲ ತುಂಬುವ ಹಾಗೆ, ಅತ್ತೆಯದೇ ಗಂಟಲಿನಲ್ಲಿ ಕೂಗಿದಳು.

"ಹಾರಸ್!"

ಒತ್ತಿದೆ.