ಕೆಟ್ಟರೆ ಯಾರನ್ನ ಕರೀಲಿ?

ಮಾಮನ ಬಿಳಿ ಅರ್ಧತೋಳಿನ ಅಂಗಿಯ ಜೇಬು ಯಾವಾಗಲೂ ಕೆಳಕ್ಕೆ ಜೋತುಬಿದ್ದಿರುತ್ತಿತ್ತು. ಒಳಗಿದ್ದದ್ದು ರಬ್ಬರ್ ಬ್ಯಾಂಡ್ ಹಾಕಿದ ವಿಸಿಟಿಂಗ್ ಕಾರ್ಡುಗಳ ಒಂದು ಕಟ್ಟು. ಗ್ರೈಂಡರ್ ರಿಪೇರಿಯವನು, ಫ್ರಿಜ್ಜಿನವನು, ಗ್ಯಾಸ್ ಒಲೆಯವನು, ಇನ್ವರ್ಟರಿನ ಸರ್ದಾರ್‌ಜಿ, ಎಲ್ಲರೂ ಅದರಲ್ಲಿದ್ದರು. ಬೆವರು ಹೀರಿ ಹೀರಿ ಆ ಕಾರ್ಡುಗಳ ಅಂಚು ಹಳೆಯ ಬಟ್ಟೆಯ ಹಾಗೆ ಮೆತ್ತಗಾಗಿತ್ತು.

ದೆಹಲಿಯ ಕರೋಲ್ ಬಾಗಿನ ಒಂದು ಗಲ್ಲಿಯಲ್ಲಿ ಅವರದ್ದು ಇಡ್ಲಿ-ದೋಸೆಯ ಪುಟ್ಟ ಹೋಟೆಲು. ಕರಾವಳಿಯಿಂದ ಬಂದ ಅಣ್ಣತಮ್ಮಂದಿರು. ತಮ್ಮನದ್ದು ಅಡುಗೆಮನೆ, ಅಣ್ಣನಾದ ಇವರದ್ದು ಗಲ್ಲಾ. ನಾನು ಆಗ ಓಲ್ಡ್ ರಾಜಿಂದರ್ ನಗರದಲ್ಲಿ ಕಿಟಕಿಯಿಲ್ಲದ ರೂಮು ಹಿಡಿದು ಸಿವಿಲ್ ಸರ್ವೀಸ್ ಪರೀಕ್ಷೆಗೆ ಓದುತ್ತಿದ್ದೆ. ನನ್ನದು ಮೂಗಿನ ತುದಿಯ ಕೋಪ. ಮೊದಲ ದಿನವೇ, ಸಾಂಬಾರಿಗೆ ಬೆಲ್ಲ ಹಾಕುವುದು ಯಾವ ಸೀಮೆಯ ಪದ್ಧತಿ ಅಂತ ಜಗಳ ತೆಗೆದೆ. ಮಾಮ ನಕ್ಕುಬಿಟ್ಟರು. "ದಾವಣಗೆರೆ ಕಡೆಯವಳಾ? ಹಾಗಂತ ಮೊದಲೇ ಹೇಳ್ಬಾರ್ದಾ ಮಾರಾಯ್ತಿ," ಅಂತ ಒಳಗಿಂದ ಚಟ್ನಿಪುಡಿ ತರಿಸಿ ಕೊಟ್ಟರು. ಅವತ್ತಿನಿಂದ ಅವರು ನನಗೆ ಮಾಮ, ಅವರ ಹೆಂಡತಿ ಮಾಮಿ.

ಮಾಮಿ ನಿಲ್ಲುತ್ತಿದ್ದದ್ದು ಬಾಗಿಲ ಹತ್ತಿರ. ಪಂಜಾಬಿಯಾಗಲಿ ಬಿಹಾರಿಯಾಗಲಿ, ಒಳಗೆ ಬಂದವರಿಗೆಲ್ಲ ಕನ್ನಡದಲ್ಲೇ "ಬನ್ನಿ" ಅನ್ನುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಗಂಡ ಹೆಂಡತಿ ಇಬ್ಬರೂ ಗಲ್ಲಾದ ಹಿಂದೆ ಕೂತು ಅಂಗೈಯಲ್ಲಿ ಹಿಡಿದು ಆಡುವ ಒಂದು ಹಳೆಯ ವಿಡಿಯೋ ಗೇಮ್ ಸೆಟ್ಟು ಹಿಡಿದುಕೊಳ್ಳುತ್ತಿದ್ದರು. ಮೇಲಿಂದ ಇಟ್ಟಿಗೆ ಬೀಳುತ್ತಿರುತ್ತದಲ್ಲ, ತಿರುಗಿಸಿ ಸಾಲು ಕೂಡಿಸಬೇಕು, ಆ ಆಟ. ಸೋತವರು ಇನ್ನೊಬ್ಬರಿಗೆ ಕೊಡಬೇಕು. ಹೋಟೆಲಿನವರಿಗೆ ಸಿನಿಮಾ ಇಲ್ಲ, ನೆಂಟರ ಮದುವೆ ಮುಂಜಿ ಇಲ್ಲ. ಅವರಿಗೆ ಮಕ್ಕಳೂ ಇರಲಿಲ್ಲ. ಒಬ್ಬರ ಪಕ್ಕ ಒಬ್ಬರು ಸುಮ್ಮನೆ ಕೂರುತ್ತಿದ್ದ ಹೊತ್ತೆಂದರೆ ಅದೊಂದೇ.

ಆಮೇಲೆ ಮಾಮಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಅಷ್ಟು ವರ್ಷ ಬಾಗಿಲಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ "ಬನ್ನಿ" ಒಂದು ಮಾತ್ರ ಉಳಿಯಿತು. ನೀರು ಬೇಕಾದರೂ ಬನ್ನಿ, ನೋವಾದರೂ ಬನ್ನಿ, ಸಿಟ್ಟಿಗೂ ಬನ್ನಿ. ಹೋಟೆಲಿನ ಮೇಲಿನ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿಬಿಟ್ಟರು. ಹಳೆಯ ಗೇಮ್ ಸೆಟ್ಟು ಅಷ್ಟರಲ್ಲಿ ಸತ್ತಿತ್ತು. ಬದುಕಿದ್ದರೂ ಉಪಯೋಗವಿರಲಿಲ್ಲ, ಇಟ್ಟಿಗೆ ತಿರುಗಿಸುವ ಗುಂಡಿ ಬಲಗಡೆಗಿತ್ತು.

ಮಾಮನ ತಮ್ಮ ಅತ್ತಿಗೆಯ ಮೇಲಿನ ಪ್ರೀತಿಗೆ ಒಂದು ಥಳಥಳ ಹೊಳೆಯುವ ಚೈನಾ ಸೆಟ್ಟು ತಂದರು. ದೊಡ್ಡ ಪರದೆ, ಒಳಗೆ ರಾಶಿ ಹಳೆಯ ಆಟಗಳು. ಆದರೆ ಇದರಲ್ಲೂ ಗುಂಡಿ ಬಲಗಡೆಗೇ. ಬದಲಾಯಿಸಲು ದಾರಿಯಿಲ್ಲ, ಆಟದ ನಡುವೆ ಸ್ತಬ್ಧವಾಗಿ ನಿಂತರೆ ಕೇಳಲು ಜನವಿಲ್ಲ. ಮಾರಿದವನು "ನಯಾ ಲೇ ಲೋ", ಹೊಸದು ತಗೊಳ್ಳಿ, ಅಂದನಂತೆ. ಮಾಮಿ ಎಡಗೈಯಿಂದ ಅದನ್ನು ಮಂಚದಿಂದ ಆಚೆ ತಳ್ಳಿದರು.

"ನನ್ನ ಕೇಳದೆ ಯಾಕೆ ತಂದ ಇವ?" ಅಂತ ಮಾಮ ಗೊಣಗಿದರು. ಅವರ ಕ್ರಮವೇ ಬೇರೆ. ಗ್ರೈಂಡರ್ ಕೊಳ್ಳುವಾಗಲೂ ಕಲ್ಲು ಮುಟ್ಟಿ ನೋಡಿದವರಲ್ಲ. "ಕೆಟ್ಟರೆ ಯಾರನ್ನ ಕರೀಲಿ? ಅದನ್ನ ಹೇಳು, ಉಳಿದದ್ದು ಆಮೇಲೆ," ಇದು ಅವರ ಮೊದಲ ಪ್ರಶ್ನೆ. ಮೆಕ್ಯಾನಿಕ್ಕಿನ ಕಾರ್ಡು ಜೇಬಿಗೆ ಬಿದ್ದ ಮೇಲೆಯೇ ಮಿಷನ್ನು ಮನೆಗೆ ಬರಬೇಕು.

ಒಂದು ಸೋಮವಾರ ನನ್ನನ್ನೂ ಎಳೆದುಕೊಂಡು ಅಂಗಡಿ ಅಂಗಡಿ ಅಲೆದರು. "ಬಾದ್ ಮೇ ಕೌನ್ ದೇಖೇಗಾ, ಭಯ್ಯಾ?" ಆಮೇಲೆ ನೋಡಿಕೊಳ್ಳುವವರು ಯಾರು ಅಂತ ಕೇಳಿದ್ದೇ ಎಲ್ಲರೂ ಮುಖ ತಿರುಗಿಸುತ್ತಿದ್ದರು. ಕೊನೆಗೆ ಒಬ್ಬ ಒಂದು ಸಾದಾ ಕಪ್ಪು ಸೆಟ್ಟು ತೆಗೆದ. ಪರದೆ ಸಣ್ಣದು, ನೋಡಲು ಏನೇನೂ ಚೆನ್ನಾಗಿಲ್ಲ. ಕಂಪನಿಯವರು ಕೈಬಿಟ್ಟಿದ್ದಾರೆ, ಆದರೆ ನೆಟ್ಟಿನಲ್ಲಿ ಜನ ಇದಕ್ಕೆ ಹೊಸ ಹೊಸ ಸಾಫ್ಟ್‌ವೇರ್ ಬರೆಯುತ್ತಲೇ ಇದ್ದಾರೆ ಅಂದ. ಮಾಮ ನನ್ನ ಕಡೆ ತಿರುಗಿದರು. "ಹೋಗಿ ನೋಡು. ಬರೆಯೋದು ದೊಡ್ಡದಲ್ಲ. ಕೇಳಿದವರಿಗೆ ಉತ್ತರ ಕೊಡ್ತಾರಾ ನೋಡು."

ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಯಾರೋ ಒಬ್ಬ ಗುಂಡಿಯ ತೊಂದರೆ ಕೇಳಿದ್ದ, ಇನ್ಯಾರೋ ತಾಳ್ಮೆಯಿಂದ ಉತ್ತರಿಸಿದ್ದ, ಅದೂ ಆ ವಾರವೇ. ಬಂದು ಹೇಳಿದೆ. ಮಾಮ ಆ ಕಪ್ಪು ಸೆಟ್ಟು ತಂದರು. ನನ್ನ ಕೈಯಲ್ಲಿ ಒಂದು ಕಾರ್ಡಿನ ಹಿಂದೆ ನನ್ನ ನಂಬರು ಬರೆಸಿ ಕಟ್ಟಿಗೆ ಸೇರಿಸಿದರು. "ಇವಳು ನಮ್ಮ ಗೇಮ್ ಮೆಕ್ಯಾನಿಕ್," ಅಂತ ತಮ್ಮನಿಗೆ ಹೇಳಿದರು.

ನಾನು ಆ ಉತ್ತರ ಕೊಟ್ಟವನಿಗೇ ಬರೆದೆ. ಮುಖ ಕಂಡಿಲ್ಲ, ದೇಶ ಗೊತ್ತಿಲ್ಲ. ಒಬ್ಬರಿಗೆ ಎಡಗೈ ಮಾತ್ರ ಇದೆ ಅಂದೆ. ಎಡ ಹೆಬ್ಬೆರಳೊಂದರಲ್ಲೇ ಆಡುವ ಹಾಗೆ, ಮೇಲಿನ ಬಾಣದ ಗುಂಡಿ ಒತ್ತಿದರೆ ಇಟ್ಟಿಗೆ ತಿರುಗುವ ಹಾಗೆ, ನಿಧಾನವಾಗಿ ಬೀಳುವ ಹಾಗೆ ಅವನು ಆಟವನ್ನು ತಿದ್ದಿ ಕಳಿಸಿದ. ಮಾಮಿ ಮೊದಲ ಸಾಲು ಕೂಡಿಸಿದಾಗ ಅರ್ಧ ಬಾಯಲ್ಲಿ ನಕ್ಕರು. ಮಾಮ ಸರಸರ ಕೆಳಗಿಳಿದು ಹೋಗಿ ಗಲ್ಲಾದ ಹಿಂದೆ ಮುಖ ಒರೆಸಿಕೊಂಡರು. ಆಮೇಲೆ ಮತ್ತೆ ಮೇಲೆ ಬಂದು ಮಂಚದ ಪಕ್ಕ ಸ್ಟೂಲು ಹಾಕಿ ಕೂತರು, ತಮ್ಮ ಸರದಿಗೆ ಕಾಯುತ್ತ.

ಆಯುಧಪೂಜೆ ಬಂತು. ಗ್ರೈಂಡರ್, ಮಿಕ್ಸಿ, ದೋಸೆ ಕಾವಲಿ, ಎಲ್ಲಕ್ಕೂ ಹೂವು ಕುಂಕುಮ. ಸಾಲಿನ ಕೊನೆಯಲ್ಲಿ ನೋಡಿದರೆ ಆ ಕಪ್ಪು ಸೆಟ್ಟು! ಗ್ರೈಂಡರಿಗೆ ಮೆತ್ತಿದ ಧಾರಾಳದಲ್ಲೇ ಅದಕ್ಕೂ ಗಂಧ ಮೆತ್ತಿದ್ದರು. ಒಣಗಿದ ಮೇಲೆ ಇಟ್ಟಿಗೆ ತಿರುಗಿಸುವ ಬಾಣದ ಗುಂಡಿ ಅಲ್ಲಾಡಲಿಲ್ಲ.

"ಬುದ್ಧಿ ಇದೆಯಾ ಮಾಮ ನಿಮಗೆ? ಇದೇನು ಗ್ರೈಂಡರಾ?" ನಾನು ಕೂಗಾಡಿದೆ.

"ಅನ್ನ ಕೊಡೋದಕ್ಕೆ ಪೂಜೆ ಮಾಡ್ತೇವೆ. ಅವಳನ್ನ ನಗಿಸೋದಕ್ಕೆ ಮಾಡಬಾರದಾ?" ಅಂದರು. ಮುಖ ಸಣ್ಣದಾಗಿತ್ತು. ನಾನು ಒದ್ದೆ ಬಟ್ಟೆ ತಂದು ಗುಂಡಿ ಉಜ್ಜತೊಡಗಿದೆ.

ಎಷ್ಟು ಉಜ್ಜಿದರೂ ಗುಂಡಿ ಸರಿಯಾಗಲಿಲ್ಲ. ಮತ್ತೆ ಬರೆದೆ. ಅವನು ಮತ್ತೆ ಉತ್ತರಿಸಿದ, ತಿರುಗಿಸುವ ಕೆಲಸವನ್ನು ಎಡ ಮೂಲೆಯ ಇನ್ನೊಂದು ಸಣ್ಣ ಗುಂಡಿಗೆ ವರ್ಗಾಯಿಸಿ ಕಳಿಸಿದ. ಮಾಮ ಇಡೀ ಸಂಜೆ ಒಂದೇ ಚಿಂತೆಯಲ್ಲಿದ್ದರು. "ಅವನಿಗೊಂದು ಮಸಾಲೆದೋಸೆ ತಿನ್ನಿಸ್ಬೇಕಲ್ಲ ಮಾರಾಯ್ತಿ, ಹೇಗೆ?"

ಆ ವರ್ಷ ನಾನು ಮತ್ತೆ ಫೇಲಾದೆ. ಅದೇ ಕೊನೆಯ ಅವಕಾಶ. ಊರಿಗೆ ಫೋನು ಮಾಡುವ ಧೈರ್ಯವಿಲ್ಲದೆ ಹೋಟೆಲಿನ ಮೂಲೆಯಲ್ಲಿ ಆರಿದ ಕಾಫಿ ಮುಂದಿಟ್ಟುಕೊಂಡು ಕೂತಿದ್ದೆ. ಮಾಮ ಗಲ್ಲಾ ಬಿಟ್ಟು ಎದ್ದು ಬಂದು ಎದುರು ಕೂತರು. "ನೀನು ಕೆಟ್ಟು ನಿಂತರೆ ಯಾರನ್ನ ಕರೀತಿ?" ಅಂತ ಕೇಳಿದರು. ನನಗೆ ಅಳು ಬಂತು. "ನನ್ನ ಕರಿ. ಎಂತ ನೋಡ್ತಿ? ನನ್ನ ಕರಿ, ಅಷ್ಟೇ." ಹುಡುಗರ ಕಡೆ ತಿರುಗಿ ಬಿಸಿ ಕಾಫಿ ತರಲು ಹೇಳಿದರು. ಹೆತ್ತವರೂ ನನಗೆ ಆ ಮಾತು ಹೇಳಿರಲಿಲ್ಲ.

ನಾನು ಗುರ್‌ಗಾಂವಿನಲ್ಲಿ ಒಂದು ಕೆಲಸ ಹಿಡಿದೆ. ಬೇಜಾರಾದಾಗೆಲ್ಲ ಫೋನು ಮಾಡಿದೆ, ಅವರು ಒಮ್ಮೆಯೂ ಎತ್ತದೆ ಇರಲಿಲ್ಲ. ಮಂಜು ಕವಿದ ಒಂದು ಚಳಿಗಾಲದ ದಿನ, ಗಲ್ಲಾದ ಮೇಲೆ ತಲೆಯಿಟ್ಟ ಮಾಮ ಏಳಲಿಲ್ಲ. ಹೃದಯ ನಿಂತಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ತಮ್ಮನ ಫೋನು ಬಂತು. ಅಣ್ಣನ ಕಟ್ಟಿನಲ್ಲಿ ನನ್ನ ಕಾರ್ಡು ಹುಡುಕಿದ್ದರು. "ಮಿಷನ್ ಕೆಟ್ಟಿದೆ ಕಾಣ್ತದೆ ಮಗಾ. ಆಟ ಮುಂದೆ ಹೋಗ್ತಿಲ್ಲ. ಅತ್ತಿಗೆ ಅದನ್ನೇ ಹಿಡ್ಕೊಂಡು ಕೂತಿದ್ದಾರೆ, ಒಂದು ತುತ್ತು ಊಟ ಇಲ್ಲ. ಸ್ವಲ್ಪ ಬಾ."

ಹೋದೆ. ಸೆಟ್ಟಿಗೆ ಏನೂ ಆಗಿರಲಿಲ್ಲ. ಬ್ಯಾಟರಿ ತುಂಬಿತ್ತು, ಆಡಲು ಬೇಕಾದ ಗುಂಡಿಗಳೆಲ್ಲ ಸರಿಯಿದ್ದವು. ಪರದೆಯ ಮೇಲೆ ಇಟ್ಟಿಗೆ ತುದಿಯವರೆಗೆ ಏರಿ ಆಟ ಮುಗಿದು ನಿಂತಿತ್ತು. ಮಾಮಿ ತಮ್ಮ ಸರದಿ ಆಡಿ ಸೋತಿದ್ದರು, ಅಷ್ಟೇ. ನಾನು ಹೊಸ ಆಟ ಶುರುಮಾಡಿ ಕೈಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅದನ್ನು ಎಡಗೈಯಿಂದ ಪಕ್ಕದ ಖಾಲಿ ಸ್ಟೂಲಿನ ಕಡೆಗೆ ತಳ್ಳಿ, "ಬನ್ನಿ," ಅಂದರು.

ಬಾಗಿಲಲ್ಲಿ ನಿಂತಿದ್ದ ಮಾಮನ ತಮ್ಮ ಬಿಕ್ಕಿದರು. ನನಗೂ ತಡೆಯಲಾಗಲಿಲ್ಲ. ಇದನ್ನು ಯಾರಿಗೆ ಬರೆಯಲಿ? ನೆಟ್ಟಿನ ಆ ಪುಣ್ಯಾತ್ಮ ತಾನೇ ಇದಕ್ಕೆ ಏನು ತಿದ್ದಿ ಕಳಿಸಿಯಾನು?

"ಬನ್ನಿ," ಮಾಮಿ ಮತ್ತೆ ಕರೆದರು.

ಕರೆದದ್ದು ನನ್ನನ್ನಲ್ಲ ಅಂತ ಗೊತ್ತಿತ್ತು. ಆದರೂ ಮಾಮನ ಸ್ಟೂಲಿನ ಮೇಲೆ ಕೂತೆ. ಕಣ್ಣು ಮಂಜಾಗಿ ಇಟ್ಟಿಗೆ ಕಾಣುತ್ತಿರಲಿಲ್ಲ, ಬೇಗನೆ ಸೋತೆ. ಸೆಟ್ಟನ್ನು ಅವರತ್ತ ಚಾಚಿದೆ. ಮಾಮಿ ನನ್ನ ಮುಖವನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಎಡಗೈ ನೀಡಿ ಇಸಕೊಂಡರು.