ಮುನವಳ್ಳಿಯ ಇನ್ನೂರು ಪಾಸ್‌ವರ್ಡ್‌ಗಳು

ಬೆಳಗಿನ ಆರು ಗಂಟೆ. ಸವದತ್ತಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಮುನವಳ್ಳಿಯಲ್ಲಿ ನಾಜಿಮಾ ತಮ್ಮ ಕಂಪ್ಯೂಟರ್ ಅಂಗಡಿಯ ಶಟರ್ ಅರ್ಧ ಎತ್ತುವಷ್ಟರಲ್ಲೇ ಇಬ್ಬರು ಬಗ್ಗಿಕೊಂಡು ಒಳಗೆ ನುಗ್ಗುತ್ತಾರೆ. ಹಿಂದಿನ ಓಣಿಯ ಮಾಯವ್ವ, ಅವಳ ಮೊಮ್ಮಗಳು ಪ್ರಜ್ಞಾ. ಹುಡುಗಿಯ ಮುಖ ಬಾಡಿದೆ.

"ಅಕ್ಕಾರ, ಇವತ್ತ ನರ್ಸಿಂಗ್ ಸೀಟಿನ ಪತ್ರ ಬರೋದೈತ್ರಿ. ಎದ್ದು ನೋಡಿದ್ರ ಕಾಲೇಜಿನ ಹೆಸರಿನಾಗ ಈ ಮೇಲ್ ಬಂದಿತ್ತು. ಹತ್ತು ಗಂಟೆ ಒಳಗ ಇಮೇಲ್ ಪಾಸ್‌ವರ್ಡ್ ಹಾಕಲಿಲ್ಲಂದ್ರ ಖಾತೆ ಬಂದ್ ಅಂತ."

"ಹಾಕಿಬಿಟ್ಟೀಯೇನು?"

"ಹಾಕೇನ್ರಿ. ಅರ್ಧ ತಾಸಾತು."

"ಶಾಣೇಕಿ ನೋಡ್ ಇಕಿ!" ಮಾಯವ್ವ ಹಣೆ ಬಡಿದುಕೊಳ್ಳುತ್ತಾಳೆ. "ನಾಜಿಮಾನ್ನ ಕೇಳಿ ಹಾಕು ಅಂದ್ನೆವ್ವಾ. ಅಜ್ಜಿ ಮಾತು ಯಾಕ ಕೇಳ್ಯಾಳು?"

"ಬೈಯಬ್ಯಾಡ್ರಿ ಯವ್ವಾ. ಓಡಿ ಬಂದಾಳಲ್ಲ, ಅದ ದೊಡ್ಡದು." ನಾಜಿಮಾ ಕುರ್ಚಿ ಎಳೆಯುತ್ತಾರೆ. ಖಾತೆ ತೆರೆಯುತ್ತದೆ. ಲಾಗಿನ್ ಪಟ್ಟಿ ನೋಡಿದರೆ, ಗೊತ್ತಿಲ್ಲದ ಊರಿನ ಯಾವುದೋ ಯಂತ್ರ ಆಗಲೇ ಒಳಗೆ ಬಂದು ಕುಳಿತಿದೆ. "ಕಳ್ಳ ಹೊಕ್ಕಾನ, ಕೀಲಿ ಮಾತ್ರ ಇನ್ನೂ ಬದಲ್ ಮಾಡಿಲ್ಲ. ಲಗೂನ ಹೊಸಾ ಪಾಸ್‌ವರ್ಡ್ ಹಾಕು."

ಇಷ್ಟು ಹೇಳಿ ಅವರು ಎದ್ದು ಹೊರಗೆ ಹೋಗಿ ರಸ್ತೆಯತ್ತ ಮುಖ ಮಾಡಿ ನಿಲ್ಲುತ್ತಾರೆ. "ನೀವ ಹಾಕ್ರಿ ಅಕ್ಕಾರ, ನಿಮಗ ಗೊತ್ತಿದ್ರ ಚಲೋ" ಎಂದು ಪ್ರಜ್ಞಾ ಕರೆದರೂ ತಿರುಗುವುದಿಲ್ಲ. ಆ ಹಟಕ್ಕೆ ಕಾರಣವಿದೆ.

ನಾಜಿಮಾ ಟೆಂಪೊ ಚಾಲಕ ಅಕ್ಬರಸಾಬರ ಮಗಳು. ಬಿ.ಕಾಂ. ಮುಗಿಸಿ ಅಂಗಡಿ ತೆರೆದು ಹನ್ನೊಂದು ವರ್ಷವಾಯಿತು. ವಿದ್ಯಾರ್ಥಿವೇತನ, ಪಿಂಚಣಿ, ಅರ್ಜಿ ಎಂದು ಬಂದವರಿಗೆಲ್ಲ ಮೊದಲು ಇಮೇಲ್ ತೆರೆದುಕೊಟ್ಟವರು ಅವರೇ. ಪಾಸ್‌ವರ್ಡ್ ಕೇಳಿದರೆ ಜನ, "ನಮಗ್ಯಾಕ್ರಿ ಅದು, ನಿಮ್ಮ ಹತ್ರನ ಇರಲಿ" ಎನ್ನುತ್ತಿದ್ದರು. ನೆನಪಿಗೆ ಸುಲಭವಾಗಲಿ ಎಂದು ಅವರು ಎಲ್ಲರಿಗೂ ಒಂದನ್ನೇ ಇಟ್ಟರು: ಊರಿನ ಹೆಸರು, ಅದರ ಮುಂದೆ ಪಿನ್‌ಕೋಡು. ತಮ್ಮ ಖಾತೆಗೂ ಅದೇ.

ಆರು ವರ್ಷದ ಹಿಂದೆ, ಅಂಗಡಿ ತುಂಬ ಜನವಿದ್ದ ಹೊತ್ತಿನಲ್ಲಿ, ಪಾಸ್‌ವರ್ಡ್ ಕೇಳುವ ಇಂಥದೇ ಒಂದು ಮೇಲ್ ಬಂತು. ಅವಸರದಲ್ಲಿ ನಾಜಿಮಾ ಹಾಕಿಬಿಟ್ಟರು. ಅವರ ಖಾತೆಯಲ್ಲಿದ್ದ ಊರವರ ವಿಳಾಸಗಳೆಲ್ಲ ಕಳ್ಳನಿಗೆ ಸಿಕ್ಕವು; ಒಂದು ಕೀಲಿಗೆ ಇನ್ನೂರು ಬಾಗಿಲು ತೆರೆದವು. ನಿವೃತ್ತ ಶಿಕ್ಷಕ ಅಂದಾನೆಪ್ಪನವರ ಹೆಸರಿನಲ್ಲಿ, 'ದವಾಖಾನೆಯಲ್ಲಿದ್ದೇನೆ, ಸಹಾಯ ಮಾಡಿ' ಎಂದು ಬಳಗಕ್ಕೆಲ್ಲ ಪತ್ರ ಹೋಯಿತು. ಮಾಸ್ತರು ಇಂದಿಗೂ ಅಂಗಡಿಯೊಳಗೆ ಇಣುಕಿ ಕೇಳುತ್ತಾರೆ: "ಏನವಾ ನಾಜಿಮಾ, ನಾ ಇನ್ನೂ ದವಾಖಾನ್ಯಾಗ ಅದೀನೋ, ಡಿಸ್ಚಾರ್ಜ್ ಆಗೇನೋ?"

ಸುಮ್ಮನಿದ್ದಿದ್ದರೆ ತಪ್ಪು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಗಂಡ ಸರ್ಫರಾಜರ ಬೈಕಿನ ಹಿಂದೆ ಕುಳಿತು ನಾಜಿಮಾ ಹತ್ತೊಂಬತ್ತು ದಿನ ಮನೆಮನೆ ತಿರುಗಿದರು. "ತಪ್ಪು ನಂದ ಅದ" ಎಂದು ಪ್ರತಿ ಬಾಗಿಲಲ್ಲೂ ಹೇಳಿದರು, ಅವರವರ ಕೈಯಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಿ, ತಾವು ಮುಖ ತಿರುಗಿಸಿ ನಿಂತರು. ಕೆಲವರು ಬೈದರು. ಹೆಚ್ಚಿನವರು ಚಹಾ ಕೊಟ್ಟರು.

ಈಗ ದಿನಕ್ಕೆ ನಲವತ್ತು ಜನ ಬರುತ್ತಾರೆ. ವಾರಕ್ಕೆ ಐದಾರು ಮಂದಿ ಇಂಥ ಮೇಲ್ ತೋರಿಸಲೆಂದೇ ಬರುತ್ತಾರೆ. "ಕಳಿಸಿದವರ ಹೆಸರಿನ ಮ್ಯಾಲೆ ಒತ್ತಿ ನೋಡ್ರಿ, ಕೆಳಗ ವಿಳಾಸ ಬ್ಯಾರೇನ ಇರ್ತದ. ಅವಸರ ಮಾಡ್ತಾರ, ಅಂಜಸ್ತಾರ. ಪಾಸ್‌ವರ್ಡ್ ಕೇಳಿದ್ರಂತೂ ಅಲ್ಲೇ ಮುಗೀತು, ಮುಂದ ಓದೂದ ಬ್ಯಾಡ" ಎಂಬುದು ಅವರ ಪಾಠ.

"ಆತ್ರಿ ಅಕ್ಕಾರ!" ಪ್ರಜ್ಞಾ ಒಳಗಿಂದ ಕೂಗುತ್ತಾಳೆ. ನಾಜಿಮಾ ಮರಳಿ ಬಂದು ಗೊತ್ತಿಲ್ಲದ ಯಂತ್ರವನ್ನು ಖಾತೆಯಿಂದ ಹೊರಹಾಕುತ್ತಾರೆ. ಖಾತೆಗೆ ಜೋಡಿಸಿದ ಫೋನ್ ನಂಬರು ಹುಡುಗಿಯದೇ ಇದೆಯೇ, ಪತ್ರಗಳು ಬೇರೆಲ್ಲಿಗಾದರೂ ಹೋಗುವಂತೆ ಮಾಡಿದ್ದಾರೆಯೇ ಎಂದು ನೋಡುತ್ತಾರೆ. ಮೋಸದ ಮೇಲ್ ಎಂದು ದೂರು ದಾಖಲಿಸುತ್ತಾರೆ. ಹತ್ತು ಗಂಟೆಗೆ ಕಾಲೇಜಿಗೆ ಫೋನ್ ಮಾಡಿಸುತ್ತಾರೆ. ಮೇಲ್‌ನಲ್ಲಿದ್ದ ನಂಬರಿಗಲ್ಲ, ಅರ್ಜಿಯ ಮೇಲೆ ಅಚ್ಚಾಗಿದ್ದ ನಂಬರಿಗೆ. ಅಂಥ ಮೇಲ್ ತಾವು ಕಳಿಸಿಲ್ಲ, ಪತ್ರ ಮಧ್ಯಾಹ್ನ ಬರುತ್ತದೆ ಎಂಬ ಉತ್ತರ ಸಿಗುತ್ತದೆ.

ಮೂರು ಗಂಟೆಗೆ ಪತ್ರ ಬರುತ್ತದೆ, ಸೀಟು ಸಿಕ್ಕಿದೆ. ಅಜ್ಜಿ, ಮೊಮ್ಮಗಳು ಪೇಢೆ ಹಿಡಿದು ಮತ್ತೆ ಅಂಗಡಿಗೆ ಬರುತ್ತಾರೆ.

"ಇನ್ನ ಮ್ಯಾಲೆ ಎಲ್ಲಾ ನೀನ ನೋಡ್ಕೋ ನಮ್ಮವ್ವಾ" ಎಂದು ಮಾಯವ್ವ ಕೈ ಹಿಡಿಯುತ್ತಾಳೆ.

"ಇಲ್ರಿ ಯವ್ವಾ, ಅಕೀನ ನೋಡ್ಕೋತಾಳ" ಎಂದು ನಗುತ್ತಾರೆ ನಾಜಿಮಾ. "ಮೊದಲ ಊರ ಮಂದಿ ಪಾಸ್‌ವರ್ಡ್ ಎಲ್ಲಾ ನನಗ ಗೊತ್ತಿದ್ವು. ಈಗ ಒಂದೂ ಗೊತ್ತಿಲ್ಲ. ಇಷ್ಟ ವರ್ಷದಾಗ ನಾ ಗಳಿಸಿದ ಕಮಾಯಿ ಅಂದ್ರ ಅದ."