ಅಪ್ಪಿಯಕ್ಕ ನುಂಗಿದ ಮಾತು

ಬೆಳಗಿನ ಐದು ಗಂಟೆ. ಅಮೆರಿಕದ ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಅಂಗಡಿಗಳೆಲ್ಲ ಶಟರ್ ಎಳೆದುಕೊಂಡಿವೆ. ಒಂದು ಸಸ್ಯಾಹಾರಿ ಹೋಟೆಲಿನ ಹಿಂಬಾಗಿಲಿನಿಂದ ಮಾತ್ರ ಬೆಳಕು ಬೀಳುತ್ತಿದೆ. ಒಳಗೆ ಅಪ್ಪಿಯಕ್ಕ ಇಡ್ಲಿ ತಟ್ಟೆಗಳಿಗೆ ಹಿಟ್ಟು ಹೊಯ್ಯುತ್ತಿದ್ದಾರೆ. ಏಳು ಗಂಟೆಯೊಳಗೆ ನಾನೂರೈವತ್ತು ಇಡ್ಲಿ ಆಗಬೇಕು. ಕೈ ತನ್ನ ಪಾಡಿಗೆ ನಡೆದಿದೆ. ಕಣ್ಣು ಮಾತ್ರ ಆಗಾಗ ಅಕ್ಕಿ ಮೂಟೆಯ ಮೇಲಿಟ್ಟ ಫೋನಿನ ಕಡೆ ಹೋಗಿ ಬರುತ್ತದೆ. ಫೋನ್ ಸುಮ್ಮನಿದೆ. ಮೂರು ವಾರದಿಂದ ಹೀಗೇ ಸುಮ್ಮನಿದೆ.

ಅದಕ್ಕೆ ಮೊದಲು, ಒಂಬತ್ತು ವರ್ಷ, ಈ ಹೊತ್ತಿಗೆ ಅದು ಸುಮ್ಮನಿದ್ದದ್ದು ಕಡಿಮೆ. ಇಲ್ಲಿ ಐದಾದರೆ ಕ್ಯಾಮರೂನಿನಲ್ಲಿ ಹತ್ತು. ಮಧ್ಯ ಆಫ್ರಿಕಾ ಗಣರಾಜ್ಯದಿಂದ ಓಡಿಬಂದವರ ಶಿಬಿರಗಳು ಅಲ್ಲಿವೆ. ಅವರ ಕಡೆಯವರ ಕೇಸು ಹಿಡಿದ ಇಲ್ಲಿನ ವಕೀಲರು ಫೋನು ಹಚ್ಚುವುದು ಆ ಹೊತ್ತಿನಲ್ಲಿ. ಶಿಬಿರದವರಾಡುವ ಭಾಷೆ ಸಾಂಗೋ. ಅದನ್ನೂ ಇಂಗ್ಲಿಷನ್ನೂ ಬಲ್ಲವರು, ಅದೂ ಬೆಳಗಿನ ಜಾವ ಎದ್ದಿರುವವರು, ಈ ಕಡೆ ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ಮೂಲ್ಕಿ ಕಡೆಯ ಈ ಐವತ್ತೆಂಟರ ಹೆಂಗಸು. ವಾರಕ್ಕೆ ಮೂವತ್ತು, ನಲವತ್ತು ಕರೆ. ಕಿವಿಗೆ ಇಯರ್‌ಫೋನ್, ಕೈಗೆ ಹಿಟ್ಟು.

ಇದೇ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕಾಫಿ ಇಟ್ಟುಕೊಂಡು ಡೈರಿ ಬರೆಯುವ ನನಗೆ ಅವರನ್ನು ಮಾತಾಡಿಸಲು ಎರಡು ತಿಂಗಳು ಬೇಕಾಯಿತು. ಕೊನೆಗೆ ಅವರೇ ಕೇಳಿದರು: "ಎಂತ ಬರಿತಿ ಮಾರಾಯ್ತಿ ದಿನಾ? ನಮ್ಮ ಸಾಂಬಾರಿನ ಮೇಲೆ ಕಂಪ್ಲೇಂಟಾ?"

ದುಭಾಷಿಗೆ ಕಟ್ಟುನಿಟ್ಟಿನ ನಿಯಮಗಳಿವೆ. 'ಅವಳು ಹೀಗೆ ಹೇಳುತ್ತಾಳೆ' ಎನ್ನುವಂತಿಲ್ಲ. ಆಡಿದವರ ಬಾಯೇ ಆಗಬೇಕು, 'ನಾನು' ಎಂದೇ ಹೇಳಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ದೋಸೆ ಹೊಯ್ಯುವ ಮಂಡ್ಯದ ಗುರು ಕೆಲಸಕ್ಕೆ ಸೇರಿದ ಮೊದಲ ವಾರ, ಇಡ್ಲಿ ಪಾತ್ರೆಯ ಹಿಂದಿನಿಂದ ಅಪ್ಪಿಯಕ್ಕನ ಇಂಗ್ಲಿಷ್ ಕೇಳಿಸಿತಂತೆ: "ನನ್ನ ಗಂಡನನ್ನು ಕೊಂದು ಬಾವಿಗೆ ಹಾಕಿದರು."

"ನಾನ್ ಸೌಟು ಬಿಟ್ಬುಟ್ಟೆ ಕಣಮ್ಮ," ಎನ್ನುತ್ತಾನೆ ಗುರು. "ಅಕ್ಕನ್ ಯಜಮಾನ್ರು ಮೋನಪ್ಪಣ್ಣನ್ನ ಹಿಂದಿನ್ ದಿವ್ಸ ತಾನೇ ಪಾರ್ಕಿಂಗ್ ಲಾಟಲ್ಲಿ ನೋಡಿದ್ದೆ. ಅತ್ಕಂಡ್ ಓಡ್ಬಂದ್ರೆ ಅಕ್ಕ ಕೈ ತೋರ್ಸಿ ಸುಮ್ನಿರು ಅಂತವ್ರೆ."

"ಮನೆಗೆ ಹೋಗಿ ಅವರಿಗೆ ಹೇಳಿದೆ, ಗುರು ನಿಮಗೋಸ್ಕರ ಅತ್ತಿದ್ದಾನೆ ಅಂತ," ಅಪ್ಪಿಯಕ್ಕ ನಗುತ್ತಾರೆ. "ಹಾಗಾದ್ರೆ ಒಂದು ಮಸಾಲೆ ದೋಸೆ ಫ್ರೀ ಕೊಡ್ಲಿಕ್ಕೆ ಹೇಳು ಅಂದ್ರು." ನಗು ಅಲ್ಲಿಗೇ ನಿಲ್ಲುತ್ತದೆ. "ಒಂದು ಬೆಳಿಗ್ಗೆಗೆ ಮೂರು ಸಲ ವಿಧವೆ ಆದದ್ದುಂಟು ನಾನು."

ಮೋನಪ್ಪ ಮಧ್ಯ ಆಫ್ರಿಕಾ ಗಣರಾಜ್ಯದ ಒಂದು ಟಿಂಬರ್ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಅಪ್ಪಿಯಕ್ಕ ಮದುವೆಯಾಗಿ ಹೋದದ್ದು ಇಪ್ಪತ್ತಮೂರಕ್ಕೆ, ಇದ್ದದ್ದು ಇಪ್ಪತ್ತೆರಡು ವರ್ಷ. ಬಾಳೆಹಣ್ಣು ಹೇರಳವಾಗಿದ್ದ ಊರು. ಬನ್ಸ್ ಕರಿದು ಸಂತೆಯಲ್ಲಿ ಮಾರಲು ಕೂತರು, ಅಲ್ಲೇ ಸಾಂಗೋ ಬಂತು. ಪಕ್ಕದಲ್ಲಿ ಸಕ್ಕರೆ ಮಾರುತ್ತಿದ್ದವಳು ಕದಿಜಾ.

೨೦೧೩ರಲ್ಲಿ ಸೆಲೆಕಾ ಎಂಬ ಬಂಡುಕೋರರು ಬಂದರು, ಹೆಚ್ಚಿನವರು ಮುಸ್ಲಿಮರು. ಕ್ರೈಸ್ತರ ಮನೆಗಳು ಉರಿದವು. ಅವರು ಹಿಂದೆ ಸರಿಯುತ್ತಲೇ ಆಂಟಿ-ಬಲಾಕಾ ಎಂಬ ಇನ್ನೊಂದು ಗುಂಪು ಎದ್ದಿತು, ಮುಸ್ಲಿಮರ ಮನೆಗಳು ಉರಿದವು. "ಯಾರು ಒಳ್ಳೆಯವರು ಅಂತ ಇಲ್ಲಿ ಕೇಳ್ತಾರೆ. ನನಗೆ ಗೊತ್ತಿದ್ದದ್ದು ಸಕ್ಕರೆಯವಳು, ಮೀನಿನವಳು. ಅವರನ್ನು ಯಾರೂ ಕೇಳ್ಲಿಲ್ಲ." ಕಂಪನಿ ತನ್ನವರನ್ನು ಹೊರಗೆ ಸಾಗಿಸಲು ಲಾರಿ ಕಳಿಸಿತು. ಇಬ್ಬರಿಗೆ ಜಾಗ ಮಿಕ್ಕಿತ್ತು. ಕದಿಜಾ ರಸ್ತೆಯಲ್ಲಿ ನಿಂತಿದ್ದಳು. "ಲಿಸ್ಟಿನಲ್ಲಿ ಹೆಸರಿಲ್ಲ ಅಂತ ಹತ್ತಿಸ್ಲಿಲ್ಲ. ಜಾಗ ಉಂಟಲ್ಲ ಅಂತ ನಾನು ಒಂದು ಮಾತು ಹೇಳ್ಬಹುದಿತ್ತು." ಆಮೇಲೆ ಕದಿಜಾ ಏನಾದಳೆಂದು ಗೊತ್ತಿಲ್ಲ.

ಇಲ್ಲಿ ನೆಲೆಸಿದ್ದ ಮಗಳು ಅರ್ಜಿ ಹಾಕಿ ಕರೆಸಿಕೊಂಡದ್ದರಿಂದ ಅಮೆರಿಕಕ್ಕೆ ಬಂದ ಅಪ್ಪಿಯಕ್ಕ, ಫೋನ್ ದುಭಾಷಿಗಳನ್ನು ಒದಗಿಸುವ ಕಂಪನಿಯೊಂದಕ್ಕೆ ಸೇರಲು ಆ ಲಾರಿಯೇ ಕಾರಣ ಎಂದು ನಾನು ಊಹಿಸುತ್ತೇನೆ. ಅವರು ಹಾಗೆ ಹೇಳುವುದಿಲ್ಲ. "ಬೆಳಿಗ್ಗೆ ಹೇಗೂ ಏಳ್ತೇನೆ," ಎನ್ನುತ್ತಾರೆ, ಅಷ್ಟೆ.

ಮೂರು ವರ್ಷದ ಹಿಂದೆ ಆ ಶಿಬಿರಗಳಲ್ಲೊಂದರಿಂದ ಅಶ್ತಾ ಬಂದಳು. ಹೆಸರು ಬದಲಿಸಿದ್ದೇನೆ, ಮಕ್ಕಳದ್ದೂ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳನ್ನು ಶಿಬಿರದಲ್ಲಿ ತನ್ನ ತಾಯಿಯ ಬಳಿ ಬಿಟ್ಟು, ದಕ್ಷಿಣ ಅಮೆರಿಕದ ಕಾಡು ದಾಟಿ ಬಂದವಳು. ಈಗ ಜರ್ಸಿ ಸಿಟಿಯ ಅಪಾರ್ಟ್‌ಮೆಂಟ್ ಟವರುಗಳಲ್ಲಿ ನೆಲ ಒರೆಸುತ್ತಾಳೆ. ಅವಳ ಕೇಸು ಹಿಡಿದದ್ದು ಹಂಸಾ, ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಹುಡುಗಿ, ಫೀಸಿಲ್ಲದೆ ವಾದಿಸುವ ವಕೀಲೆ. ಆಶ್ರಯ ಕೋರುವ ಅರ್ಜಿ ತುಂಬುವ ದಿನ ಫೋನು ಸಾಲದೆಂದು ಹಂಸಾ ಅಪ್ಪಿಯಕ್ಕನನ್ನು ಆಫೀಸಿಗೇ ಕರೆಸಿದಳು.

ಎಷ್ಟು ಮಕ್ಕಳು? ಮೂರು. ಫಾತಿಮೆ, ಇಬ್ರಾಹಿಂ, ಜೆನಾಬಾ. ಶಿಬಿರದ ಕಾರ್ಡಿನಲ್ಲಿ ಇಬ್ರಾಹಿಂ, ಜೆನಾಬಾ ಇಬ್ಬರಿಗೂ ಜನವರಿ ಒಂದು, ಒಂದೇ ಇಸವಿ. ಹುಟ್ಟಿದ ದಿನ ತಿಳಿಯದವರಿಗೆಲ್ಲ ಶಿಬಿರದಲ್ಲಿ ಜನವರಿ ಒಂದನ್ನೇ ಬರೆದುಬಿಡುತ್ತಾರೆ. ಹಂಸಾ ಕಾರ್ಡು ನೋಡಿ 'ಅವಳಿ' ಎಂದು ಬರೆದಳು. ತುಂಬಿದ ಅರ್ಜಿಯನ್ನು ದುಭಾಷಿ ಸಾಂಗೋದಲ್ಲಿ ಓದಿ ಹೇಳಿ, ಓದಿ ಹೇಳಿದ್ದೇನೆ ಎಂದು ಸಹಿ ಹಾಕಬೇಕು. 'ಅವಳಿ' ಬಂದಾಗ ಅಶ್ತಾ ನಕ್ಕಳು. ತಗ್ಗಿದ ದನಿಯಲ್ಲಿ ಅಂದಳು: "ಜೆನಾಬಾ ನನ್ನ ತಂಗಿ ಹೆತ್ತದ್ದು. ತಂಗಿಯನ್ನು ಕೊಂದ ದಿನದಿಂದ ಇಬ್ಬರಿಗೂ ಹಾಲು ಕೊಟ್ಟವಳು ನಾನು. ಅವಳಿಯೇ ಅಲ್ಲವೇ?"

ಈ ಮಾತನ್ನು ಅಪ್ಪಿಯಕ್ಕ ಇಂಗ್ಲಿಷಿಗೆ ತರಲಿಲ್ಲ.

"ಬಾಯಿವರೆಗೆ ಬಂತು. ನುಂಗಿದೆ." ಅವರು ಇಡ್ಲಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಾರೆ. "ನನ್ನನ್ನ ಸಾಕಿದ್ದು ದೊಡ್ಡಮ್ಮ. ಅಮ್ಮ ನನ್ನನ್ನ ಹೆತ್ತ ತಿಂಗಳಲ್ಲೇ ಹೋದದ್ದು. ಶಾಲೆಯಲ್ಲಿ ತಾಯಿ ಹೆಸರು ಅಂತ ದೊಡ್ಡಮ್ಮನದ್ದೇ ಉಂಟು. ನಮ್ಮಲ್ಲಿ ಇವಳು ನೀನು ಹೆತ್ತದ್ದಾ ಅಂತ ಯಾರಾದ್ರೂ ಕೇಳಿದ್ರೆ ದೊಡ್ಡಮ್ಮ ಅವರಿಗೆ ನೀರು ಸಹ ಕೊಡ್ತಿರ್ಲಿಲ್ಲ. ಅಕ್ಕತಂಗಿಯ ಮಕ್ಕಳು ಅಂದ್ರೆ ನಮ್ಮ ಮಕ್ಕಳೇ. ಅದನ್ನು ಹೊರಗಿನವರ ಎದುರು ಬಿಡಿಸಿ ಹೇಳುದು ಮರ್ಯಾದೆ ಅಲ್ಲ ಅಂತ ಕಂಡಿತು." ಸಹಿ ಹಾಕಿ, ಬಸ್ಸು ಹಿಡಿದು, ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲಿಗೆ ಬಂದರು.

ಅಶ್ತಾಗೆ ಆಶ್ರಯ ಸಿಕ್ಕಿತು. ಮಕ್ಕಳನ್ನು ಕರೆಸುವ ಅರ್ಜಿ ಹೋಯಿತು. ಕಳೆದ ವರ್ಷ ಶಿಬಿರದಲ್ಲಿ ಅವಳ ತಾಯಿ ತೀರಿಕೊಂಡಳು. ಮೂವರೂ ಪಕ್ಕದ ಡೇರೆಯವರ ದಯೆಯಲ್ಲಿ ಉಳಿದರು. ಈ ವರ್ಷ ಡಿಎನ್‌ಎ ಪರೀಕ್ಷೆಯಾಯಿತು. ಜೆನಾಬಾ ಮಗಳಲ್ಲ, ಅವಳಿ ಎಂಬುದು ಸುಳ್ಳು, ಮೋಸದ ಶಂಕೆ ಇದೆ ಎಂದು ನೋಟಿಸ್ ಬಂತು. ಮೂವರ ಫೈಲೂ ನಿಂತಿತು. ಅಶ್ತಾಳ ಆಶ್ರಯಕ್ಕೇ ಕುತ್ತು ಬರುವ ಹಾಗಾಯಿತು.

ಅವಳು ಅಂದು ನಿಜ ಹೇಳಿದ್ದಳು ಎನ್ನಲು ಇದ್ದ ಸಾಕ್ಷಿ ಒಂದೇ, ಅಪ್ಪಿಯಕ್ಕನ ಕಿವಿ. ಹಂಸಾ ಅಫಿಡವಿಟ್ ಸಿದ್ಧಮಾಡಿಕೊಂಡು ಹೋಟೆಲಿಗೇ ಬಂದಳು. "ಆಂಟಿ, ಬೈ ಓವರ್‌ಸೈಟ್ ಅಂತ ಹಾಕಿದ್ದೀನಿ. ಕಣ್ತಪ್ಪಿನಿಂದ ಬಿಟ್ಟುಹೋಯ್ತು ಅಂತ. ಟ್ವಿನ್ಸ್ ಅಂತ ಅಸ್ಯೂಮ್ ಮಾಡಿದ್ದು ನನ್ನ ಮಿಸ್ಟೇಕ್ ಕೂಡ, ಅದನ್ನೂ ಬರೆದಿದ್ದೀನಿ. ಹೀಗಿದ್ರೆ ನಿಮ್ಮ ಕಂಪನಿ ಜಸ್ಟ್ ವಾರ್ನ್ ಮಾಡಬಹುದು."

"ಕಣ್ತಪ್ಪಿನಿಂದ ಅಲ್ಲ ಮಗಾ. ಕೇಳಿತು, ಅರ್ಥ ಆಯ್ತು, ಹೇಳ್ಲಿಲ್ಲ. ಹಾಗೆ ಬರಿ."

"ಆಂಟಿ, ದೇ ವಿಲ್ ಡ್ರಾಪ್ ಯು. ಯು ನೋ ದಟ್."

"ಗೊತ್ತುಂಟು. ಓವರ್‌ಸೈಟ್ ಅಂದ್ರೆ ಅವಳು ಹೇಳಿದ್ದೇ ಒಂದು ಸಣ್ಣ ಮಾತು ಅಂತ ಆಗ್ತದೆ. ಸಣ್ಣದಲ್ಲ ಅದು."

ದುಭಾಷಿ ಕಂಪನಿ ಅವರ ಹೆಸರನ್ನು ತನ್ನ ಪಟ್ಟಿಯಿಂದ ತೆಗೆಯಿತು. ಎರಡು ಸಾಲಿನ ಇಮೇಲ್. ನಿಯಮದ ಪ್ರಕಾರ ಅದು ಸರಿಯೇ, ಅಪ್ಪಿಯಕ್ಕನೂ ಹಾಗೇ ಹೇಳುತ್ತಾರೆ. ಆದರೆ ಈಗ ಬೆಳಿಗ್ಗೆ ಐದಕ್ಕೆ ಆ ತುದಿಯ ಶಿಬಿರದಲ್ಲಿ ಫೋನು ಹಿಡಿದು ಕೂತವರಿಗೆ ಯಾರು ಬಾಯಾಗುತ್ತಿದ್ದಾರೆ ಎಂಬುದು ನನಗೆ ಗೊತ್ತಾಗಲಿಲ್ಲ. ಹಂಸಾಳಿಗೂ ಗೊತ್ತಿಲ್ಲ.

ಅಫಿಡವಿಟ್ಟಿಗೆ ಫಲ ಸಿಕ್ಕಿದೆ. ಕಳೆದ ಗುರುವಾರ ಅಶ್ತಾ ಕಾಗದ ಹಿಡಿದು ಹಿಂಬಾಗಿಲಿಗೆ ಬಂದಳು. ಹಂಸಾಳ ಫೋನಿಗೂ ಕಾಯದೆ, ಎರಡು ರೈಲು, ಒಂದು ಬಸ್ಸು ಬದಲಿಸಿ ಬಂದಿದ್ದಳು. ಅಪ್ಪಿಯಕ್ಕ ಕೈ ತೊಳೆದು, ಮೂಟೆಯ ಮೇಲೆ ಕೂತು, ಅಕ್ಷರ ಬಿಡದೆ ಸಾಂಗೋದಲ್ಲಿ ಓದಿದರು. ಮೋಸದ ಶಂಕೆ ಕೈಬಿಡಲಾಗಿದೆ. ಫಾತಿಮೆ, ಇಬ್ರಾಹಿಂ ಬರಬಹುದು. ಜೆನಾಬಾ ಅರ್ಜಿದಾರಳ ಮಗಳಲ್ಲ, ಕಾನೂನು ಪ್ರಕಾರ ದತ್ತು ಮಗಳೂ ಅಲ್ಲ. ಅವಳ ಅರ್ಜಿ ತಿರಸ್ಕರಿಸಲಾಗಿದೆ. ಹನ್ನೆರಡು ವರ್ಷದ ಹುಡುಗಿ ಆ ಡೇರೆಯಲ್ಲಿ ಒಬ್ಬಳೇ ಉಳಿಯುವುದನ್ನು ಒಪ್ಪಿ ಇಬ್ಬರನ್ನು ಕರೆಸಿಕೊಳ್ಳುವುದೋ, ಬೇಡವೋ ಎಂದು ತಾಯಿಯೇ ಬರೆದು ತಿಳಿಸಬೇಕು. ಮೂವತ್ತು ದಿನ ಗಡುವು.

ಅಶ್ತಾ ಅಳಲಿಲ್ಲ ಎನ್ನುತ್ತಾನೆ ಗುರು. ಅವನು ಕೊಟ್ಟ ಚಹಾ ಮುಟ್ಟಲೂ ಇಲ್ಲ. ಏನೋ ಒಂದು ಕೇಳಿ ಎದ್ದು ಹೋದಳಂತೆ.

ಏನು ಕೇಳಿದಳು ಎಂದು ಇವತ್ತು ಅಡುಗೆಮನೆಗೇ ಬಂದು ನಾನು ಅಪ್ಪಿಯಕ್ಕನನ್ನು ಕೇಳುತ್ತೇನೆ. ಕೇಳಬಾರದಿತ್ತೇನೋ. ಅವರು ಒಲೆಯ ಉರಿ ತಗ್ಗಿಸುತ್ತಾರೆ.

"ಅವತ್ತು ನುಂಗಿದಿಯಲ್ಲ, ಇವತ್ತು ಒಂದು ಸಾಲು ನುಂಗ್ಲಿಕ್ಕೆ ಆಗ್ಲಿಲ್ವಾ ಅಂತ."

"ನೀವೇನಂದ್ರಿ?"

"ಒಂಬತ್ತು ವರ್ಷ ಊರವರ ಉತ್ತರವೆಲ್ಲ ನಾನು ನಾನು ಅಂತ ನಾನೇ ಹೇಳಿದ್ದು. ಅವಳು ಕೇಳಿದ್ದು ನನ್ನದೇ ಉತ್ತರ." ಆವಿ ಏಳುತ್ತಿರುವ ಪಾತ್ರೆಯ ಮುಚ್ಚಳವನ್ನು ಅವರು ಬಟ್ಟೆಯಲ್ಲಿ ಹಿಡಿದು ಎತ್ತುತ್ತಾರೆ. "ಬಾಯಿಗೆ ಎಂತದೂ ಬರ್ಲಿಲ್ಲ. ಆಚೆ ಸರಿ ಮಾರಾಯ್ತಿ ಸ್ವಲ್ಪ, ಕೈ ಸುಟ್ಟೀತು."